ಇಪ್ಪತ್ತೊಂದು ಹುಣಸೆ ಬೀಜ

ನಾನು ಸೇಡು ತೀರಿಸಿಕೊಂಡವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈ ವಯಸ್ಸಿನಲ್ಲಿ ನನ್ನ ನೆನಪಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ: ಯಾರ ಮೇಲಿನ ಸಿಟ್ಟನ್ನು ಕೈಗೆ ತೆಗೆದುಕೊಂಡರೂ ಅರ್ಧ ಗಂಟೆಯೊಳಗೆ ಅದನ್ನು ಒಗೆದು, ಒಣಗಿಸಿ, ಮಡಿಸಿ ಇಟ್ಟುಬಿಡುತ್ತದೆ. ಈ ಒಂದು ಸಿಟ್ಟನ್ನು ಮಾತ್ರ ಅದಕ್ಕೆ ಮುಟ್ಟಗೊಡುವುದಿಲ್ಲ.

ಹುಣಸೂರಿನಲ್ಲಿ ಕಾಲೇಜಿನ ಮೊದಲ ವರ್ಷ. ಎಪ್ಪತ್ತರ ದಶಕದ ಶುರು, ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ನನ್ನ ಭಾವ ಅಲ್ಲೇ ಕೆಲಸಕ್ಕಿದ್ದರು. ಮದುವೆಯಾದ ವರ್ಷ ಅಕ್ಕನಿಗೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ತಂದುಕೊಟ್ಟಿದ್ದರು. ಕಂದು ಚರ್ಮದ ಕವರು, ಕವರಿನ ಮುಂಭಾಗದಲ್ಲಿ ಸಾಲುಸಾಲು ತೂತು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಹಾರನಹಳ್ಳಿ ಕಡೆಯ ನಮ್ಮೂರಿನಿಂದ ನಾನು ಕಾಲೇಜಿಗೆ ಹೊರಟ ದಿನ, ಕಳಿಸಿಕೊಡಲು ಬಂದಿದ್ದ ಅಕ್ಕ ಅದನ್ನು ನನ್ನ ಹೆಗಲಿಗೆ ಹಾಕಿದಳು. ದೀಪಾವಳಿಯ ಹೊತ್ತಿಗೆ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ ಎಂದಳು.

"ನಾನ್ ಬರೋ ಒತ್ಗೆ ಮನೇಲಿರ್ಬೇಕು ಕಣೋ. ಮೂರು ತಿಂಗ್ಳು ಮೂಲೇಲಿ ಕೂತಿರೋಳ್ಗೆ ಅದೊಂದೇ ಜೊತೆ."

ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯ ಲೈಸೆನ್ಸ್ ಬೇಕಿತ್ತು. ಭಾವನ ಹೆಸರಿನ ಆ ಪುಟ್ಟ ಪುಸ್ತಕವನ್ನೂ ಅವಳು ನನ್ನ ಟ್ರಂಕಿನಲ್ಲಿಟ್ಟಳು.

ಎರಡೇ ತಿಂಗಳಲ್ಲಿ ನಾನು ಅದನ್ನು ಆಟದಲ್ಲಿ ಕಳೆದೆ.

ನಮ್ಮ ಬಾಡಿಗೆ ಕೋಣೆಗಳು ಲಕ್ಷ್ಮಣತೀರ್ಥದ ದಡದ ಕಡೆ, ಹೆಂಚಿನ ಸಾಲಿನಲ್ಲಿದ್ದವು. ಸಾಲಿನ ಕೊನೆಯ ಕೋಣೆಯಲ್ಲಿ ಎರಡನೇ ವರ್ಷದವನೊಬ್ಬನಿದ್ದ. ಅವನ ಚಿಕ್ಕಪ್ಪನದು ಮರ ಕೊಯ್ಯುವ ಮಿಲ್ಲು. ಸಂಜೆ ಅಲ್ಲಿ ಕೂತು ಬರುತ್ತಿದ್ದನಾದ್ದರಿಂದ ಅವನ ಕಾಲರಿನ ಮೇಲೆ, ಹುಬ್ಬಿನ ಮೇಲೆ ಯಾವಾಗಲೂ ಮರದ ಹೊಟ್ಟು. ಅವನನ್ನು ಎಲ್ಲರೂ ಸಾಮಿಲ್ಲಿನವನು ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವನ ಮುಖ ಈಗ ನನಗೆ ಸರಿಯಾಗಿ ನೆನಪಿಲ್ಲ, ಹೊಟ್ಟು ನೆನಪಿದೆ.

ಅವನ ಆಟ ಸರಳ. ಇಪ್ಪತ್ತೊಂದು ಹುಣಸೆ ಬೀಜ ರಾಶಿ ಹಾಕುವುದು. ಒಬ್ಬರಾದ ಮೇಲೆ ಒಬ್ಬರು ತೆಗೆಯುವುದು. ಒಂದು ತೆಗೆಯಬಹುದು, ಎರಡು ತೆಗೆಯಬಹುದು, ಮೂರು ತೆಗೆಯಬಹುದು. ಕೊನೆಯ ಬೀಜ ಯಾರ ಪಾಲಿಗೆ ಬರುತ್ತದೋ ಅವನು ಸೋತ. ಹೊಸಬರನ್ನು ಅವನು ಕರೆದು ಕೂರಿಸಿ, ಚಾ ತರಿಸಿ, ಬಹಳ ಮರ್ಯಾದೆಯಿಂದ ಒಂದು ಮಾತು ಹೇಳುತ್ತಿದ್ದ.

"ನೀನು ಒಸಬ ಕಣ್ಲಾ. ಮೊದ್ಲು ನೀನೇ ತಗಿ."

ನಾನು ಉಬ್ಬಿಹೋಗಿ ಮೊದಲು ತೆಗೆದೆ. ಮೊದಲು ನನ್ನ ಪೆನ್ನು ಹೋಯಿತು, ಆಮೇಲೆ ಲೆಕ್ಕ ಮಾಡುವ ಸ್ಲೈಡ್ ರೂಲ್ ಪಟ್ಟಿ, ಅವೆರಡನ್ನೂ ವಾಪಸು ಗೆಲ್ಲುವ ಹಟದಲ್ಲಿ ರೇಡಿಯೋ. ಒಂದೇ ಮಧ್ಯಾಹ್ನ ಮೂರೂ ಹೋದವು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಸುಳ್ಳಿರಬಹುದು. ನಾಲ್ಕಾರು ದಿನ ಹಿಡಿದಿರಬೇಕು. ಒಂದೇ ಮಧ್ಯಾಹ್ನವಾದರೆ ನನ್ನ ಪೆದ್ದತನ ಕಡಿಮೆ ಕಾಣುತ್ತದೆ, ಅಷ್ಟೇ.

ರೇಡಿಯೋ ಹೋದದ್ದಕ್ಕಿಂತ ಆಮೇಲಿನದು ಹೆಚ್ಚು ಉರಿಸಿತು. ದಿನಾ ಸಂಜೆ ಅವನು ಅದನ್ನು ನಮ್ಮ ಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟು, ಕಿವಿ ತಿರುವಿ, ವಾರ್ತೆ ಮುಗಿಯುವವರೆಗೂ ಅಲ್ಲೇ ನಿಲ್ಲುತ್ತಿದ್ದ. ಒಮ್ಮೆ ಕಿಟಕಿಯೊಳಗೆ ತಲೆ ಹಾಕಿ, ನಿಮ್ಮಕ್ಕನ ರೇಡಿಯೋ ಬಲು ಚೆನ್ನಾಗಿ ಹಾಡ್ತದೆ, ಅವ್ರಿಗೆ ಒಂದು ಕಾಗ್ದ ಬರ್ದು ತಿಳ್ಸು ಎಂದ. ಸಾಲಿನ ಅಷ್ಟೂ ಕೋಣೆಗಳು ನಕ್ಕವು.

ನನ್ನ ಕೋಣೆಯ ಜೊತೆಗಾರ ನಗಲಿಲ್ಲ. ಕಾಕನಕೋಟೆ ಕಾಡಂಚಿನ ಹಾಡಿಯವನು, ಅವನ ಕಡೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಅಣೆಕಟ್ಟಿನ ನೀರು ನಿಂತರೆ ಅವರ ಹೊಲ ಉಳಿಯುವುದಿಲ್ಲವೆಂದು ಆಗಲೇ ಅಳತೆಯವರು ಕಲ್ಲು ನೆಟ್ಟು ಹೋಗಿದ್ದರು. ಅವನು ಹೆಚ್ಚು ಮಾತಾಡುವವನಲ್ಲ. ಆ ರಾತ್ರಿ ಚಾಪೆ ಹಾಸುತ್ತಾ, ಸಾಮಿಲ್ಲಿನವನಿಗೆ ಎರಡು ಬಿಗಿದು ರೇಡಿಯೋ ಕಿತ್ತುಕೊಂಡು ಬರಲೇ ಎಂದು ಕೇಳಿದ. ಬೇಡವೆಂದೆ. ಅದೇ ಆಟದಲ್ಲಿ, ನಾಲ್ಕು ಜನರ ಮುಂದೆ, ಅವನ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗಬೇಕಿತ್ತು ನನಗೆ.

ದಾರಿ ಸಿಕ್ಕಿದ್ದು ಗಣಿತದ ತರಗತಿಯಲ್ಲಿ. ಮೈಸೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಎಳೆಯ ಮೇಷ್ಟ್ರೊಬ್ಬರು ಪಾಠ ಬಿಟ್ಟು ಕಂಪ್ಯೂಟರಿನ ಮಾತೆತ್ತಿದರು. ಆ ಪದವನ್ನು ನಮ್ಮಲ್ಲಿ ಹೆಚ್ಚಿನವರು ಪತ್ರಿಕೆಯಲ್ಲಿ ಒಂದೆರಡು ಸಲ ನೋಡಿದ್ದೆವು. ಅದಕ್ಕೆ ಕರೆಂಟೇ ಬೇಕೆಂದಿಲ್ಲ, ಬರೀ ಬೆಂಕಿಪೆಟ್ಟಿಗೆಗಳಲ್ಲಿ ಆಟ ಕಲಿಯುವ ಯಂತ್ರ ಮಾಡಿದವರಿದ್ದಾರೆ ಎಂದರು ಅವರು. ತರಗತಿ ಗೊಳ್ಳೆಂದಿತು. ನಾನು ಅವರ ಹಿಂದೆ ಬಸ್ ಸ್ಟ್ಯಾಂಡಿನವರೆಗೂ ನಡೆದೆ. ಬಸ್ಸು ಬರುವಷ್ಟರಲ್ಲಿ ಅವರು ಸಿಗರೇಟು ಪ್ಯಾಕಿನ ಹಿಂದೆ ಚಿತ್ರ ಬರೆದು ತೋರಿಸಿದರು.

ಇಪ್ಪತ್ತು ಬೆಂಕಿಪೆಟ್ಟಿಗೆ ಬೇಕಿತ್ತು. ಚಾ ಅಂಗಡಿ, ತಂಬಾಕು ಮಂಡಿ, ಬಸ್ ಸ್ಟ್ಯಾಂಡು, ಎಲ್ಲೆಲ್ಲೂ ಬೀಡಿ ಸೇದುವವರ ಕಾಲ ಬಳಿ ನಾನೂ ಜೊತೆಗಾರನೂ ಆರಿಸಿದೆವು. ಪ್ರತಿ ಪೆಟ್ಟಿಗೆಯ ಮೇಲೂ ಒಂದು ನಂಬರು: ಇಪ್ಪತ್ತೊಂದರಿಂದ ಎರಡರವರೆಗೆ. ರಾಶಿಯಲ್ಲಿ ಎಷ್ಟು ಬೀಜ ಉಳಿದಿದೆಯೋ ಆ ನಂಬರಿನ ಪೆಟ್ಟಿಗೆ. ಒಳಗೆ ಮೂರು ಅವರೆಕಾಳು, ಎರಡರ ಪೆಟ್ಟಿಗೆಯಲ್ಲಿ ಮಾತ್ರ ಎರಡು. ನೀಲಿ ಶಾಯಿ ಬಳಿದದ್ದು ಬಂದರೆ ಒಂದು ಬೀಜ ತೆಗೆ, ಕೆಂಪು ಬಂದರೆ ಎರಡು, ಬಳಿಯದ ಬಿಳಿಯದು ಬಂದರೆ ಮೂರು. ಪೆಟ್ಟಿಗೆಯನ್ನು ಅಲ್ಲಾಡಿಸಿ ತೆರೆದಾಗ ಯಾವ ಕಾಳು ಮುಂದಿನ ಮೂಲೆಗೆ ಬಂದಿರುತ್ತದೋ ಅದೇ ಪೆಟ್ಟಿಗೆಯ ಆಟ.

ಕಲಿಯುವುದು ಹೀಗೆ. ಪೆಟ್ಟಿಗೆ ಸೋತರೆ, ಅದು ಕೊನೆಯಲ್ಲಿ ಆಡಿದ ಕಾಳನ್ನು ಕಿತ್ತು ಎಸೆಯುವುದು. ಇನ್ನು ಆ ತಪ್ಪನ್ನು ಅದು ಮಾಡಲಾರದು. ಆಡಬೇಕಾದ ಪೆಟ್ಟಿಗೆಯೇ ಖಾಲಿಯಾಗಿದ್ದರೆ ಆಗಲೂ ಸೋತಂತೆಯೇ. ಅದಕ್ಕೆ ಹಿಂದೆ ಆಡಿದ ಪೆಟ್ಟಿಗೆಯ ಕಾಳಿಗೆ ಶಿಕ್ಷೆ. ಗೆದ್ದರೆ ಬಹುಮಾನವಿಲ್ಲ. ಇದು ನನಗೆ ಬಹಳ ಹಿಡಿಸಿತು. ನನ್ನ ಆಗಿನ ಮನಸ್ಸು ಅಚ್ಚುಕಟ್ಟಾಗಿ ಇಪ್ಪತ್ತು ಪೆಟ್ಟಿಗೆಗಳಲ್ಲಿ ಕೂತಿತ್ತು.

ಪೆಟ್ಟಿಗೆಗಳನ್ನು ನಾನು ಕೂತ ಜಾಗದಲ್ಲಿ ಕೂರಿಸಿದೆ: ಅವೇ ಹೊಸಬ, ಅವೇ ಮೊದಲು ತೆಗೆಯುವವು. ಎದುರು ನನ್ನ ಜೊತೆಗಾರ. ಮಧ್ಯಾಹ್ನ ರಸಾಯನಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಚಕ್ಕರ್ ಹೊಡೆದು ಇಬ್ಬರೂ ಆಡುತ್ತಿದ್ದೆವು. ಕಾಳು ಒಂದೊಂದಾಗಿ ಹೋದವು. ಮೊದಲು ಐದನೇ ನಂಬರಿನ ಪೆಟ್ಟಿಗೆ ಪೂರ್ತಿ ಬರಿದಾಯಿತು. ಎಷ್ಟೋ ದಿನದ ಮೇಲೆ ಒಂಬತ್ತು. ಆಮೇಲೆ ಹದಿಮೂರು. ದಸರಾ ರಜೆ ಮುಗಿಸಿ ಬಂದ ಮೇಲೆ ಹದಿನೇಳು. ಬೇರೆ ಪೆಟ್ಟಿಗೆಗಳಲ್ಲಿ ಒಂದಾದರೂ ಕಾಳು ಉಳಿಯುತ್ತಿತ್ತು, ಇವುಗಳಲ್ಲಿ ಮಾತ್ರ ಒಂದೂ ಇಲ್ಲ. ಯಂತ್ರ ಕೆಟ್ಟಿತೆಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಜೊತೆಗಾರ ಖಾಲಿ ಪೆಟ್ಟಿಗೆಗಳನ್ನು ಸಾಲಾಗಿಟ್ಟು ಸ್ವಲ್ಪ ಹೊತ್ತು ನೋಡಿದ.

"ಇದು ಕೆಟ್ಟಿಲ್ಲ ಕಣ್ಲಾ. ಇಲ್ಲಿ ನಿಂತೋನ್ಗೆ ದಾರಿ ಇಲ್ಲ ಅಂತ ಏಳ್ತಾ ಅದೆ."

ಐದು, ಒಂಬತ್ತು, ಹದಿಮೂರು, ಹದಿನೇಳು. ನಾಲ್ಕು ನಾಲ್ಕು ಕೂಡುತ್ತಾ ಹೋದರೆ ಮುಂದಿನದು ಇಪ್ಪತ್ತೊಂದು. ಮೊದಲು ತೆಗೆಯುವವನಿಗೆ ದಾರಿಯೇ ಇಲ್ಲ. ಅವನು ಒಂದು ತೆಗೆದರೆ ಎರಡನೆಯವನು ಮೂರು, ಎರಡು ತೆಗೆದರೆ ಎರಡು, ಮೂರು ತೆಗೆದರೆ ಒಂದು ತೆಗೆದುಕೊಂಡು ಸುಮ್ಮನೆ ಕೂತಿದ್ದರೆ ಸಾಕು. ಸಾಮಿಲ್ಲಿನವನು ಗೆಲ್ಲುತ್ತಿದ್ದದ್ದು ಬುದ್ಧಿಯಿಂದಲ್ಲ, ಆ ಮರ್ಯಾದೆಯ ಮಾತಿನಿಂದ.

ಇಲ್ಲೊಂದು ವಿಷಯ ಮುಚ್ಚಿಡಬಾರದು. ಮರುದಿನ ಬೆಳಿಗ್ಗೆ ನೋಡಿದಾಗ ಇಪ್ಪತ್ತೊಂದನೇ ಪೆಟ್ಟಿಗೆಯೂ ಖಾಲಿಯಾಗಿತ್ತು, ಆದರೆ ಅದರ ಮೂಲೆಯಲ್ಲಿ ಇಲಿ ಕಡಿದ ತೂತಿತ್ತು. ಯಂತ್ರ ಪೂರ್ತಿ ಕಲಿತಿತ್ತೋ, ಇಲಿ ಅವರೆಕಾಳು ತಿಂದಿತ್ತೋ ನಾನು ಹೇಳಲಾರೆ. ನಾಲ್ಕು ನಾಲ್ಕರ ಲೆಕ್ಕವನ್ನು ಆ ತೂತು ನೋಡುವ ಮೊದಲೇ ಮಾಡಿದ್ದೆನೋ, ಆಮೇಲೆ ಮಾಡಿದೆನೋ, ಅದೂ ಗೊತ್ತಿಲ್ಲ.

ಇನ್ನು ಉಳಿದದ್ದು ಅವನನ್ನು ಮೊದಲು ತೆಗೆಯುವಂತೆ ಮಾಡುವುದು. ಹುಣಸೂರಿನಲ್ಲಿ ಅದು ಆಗದ ಮಾತು. ಅಲ್ಲಿ ಅವನೇ ಮನೆಯವನು, ನಾನು ಹೊಸಬ. ಅವನು ನೆಂಟನಾಗಬೇಕಿತ್ತು.

ದೀಪಾವಳಿಗೆ ಕಜ್ಜಾಯ ತಿನ್ನಲು ಬನ್ನಿ ಎಂದು ಕರೆದೆ. ಅಣ್ಣ ಎಂದೇ ಕರೆದೆ. ರೇಡಿಯೋ ತನ್ನಿ, ನಮ್ಮೂರಲ್ಲಿ ಜನ ಸೇರ್ತಾರೆ ಎಂದೂ ಸೇರಿಸಿದೆ. ಲೈಸೆನ್ಸ್ ಪುಸ್ತಕ ನನ್ನ ಹತ್ತಿರವೇ ಉಳಿದಿದೆ, ಅದನ್ನೂ ಆಟಕ್ಕಿಡುತ್ತೇನೆ ಎಂದಾಗ ಅವನ ಕಣ್ಣರಳಿತು. ಅಂಚೆಯವರು ಮನೆಮನೆಗೆ ಬಂದು ತಪಾಸಣೆ ಮಾಡುತ್ತಾರೆಂಬ ಗಾಳಿಸುದ್ದಿ ಆಗ ಹುಣಸೂರಿನಲ್ಲಿ ಓಡಾಡುತ್ತಿತ್ತು. ಅದನ್ನು ಹಬ್ಬಿಸಿದವರು ಯಾರೆಂದು ಈಗಲೂ ಹೇಳುವುದಿಲ್ಲ.

ಅಕ್ಕ ಸಂಜೆಯ ಬಸ್ಸಿಗೆ ಬರುವವಳಿದ್ದಳು. ಅವನು ಬೆಳಗಿನ ಬಸ್ಸಿಗೆ ಬಂದ, ಹೆಗಲಲ್ಲಿ ಅಕ್ಕನ ರೇಡಿಯೋ. ಅವ್ವ ಅದನ್ನು ನೋಡಿ, ನಮ್ಮ ಹುಡುಗೀದನ್ನ ಹೊತ್ತು ತಂದ್ಯಾ, ಪಾಪ ಎಂದು ಅವನಿಗೆ ಎರಡು ಕಜ್ಜಾಯ ಹೆಚ್ಚು ಹಾಕಿದಳು. ಅವನು ನನ್ನ ಕಡೆ ನೋಡಿ ಬಾಯಿ ತುಂಬ ನಕ್ಕ.

ಊಟವಾದ ಮೇಲೆ ಜಗಲಿಯಲ್ಲಿ ಕೂತೆವು. ತಂಬಾಕು ಒಣಗಿಸುವ ಬ್ಯಾರನ್ನಿನ ಕೆಲಸದವರು, ಅಕ್ಕಪಕ್ಕದ ಮನೆಯವರು ಸುತ್ತ ಸೇರಿದರು. ಹಬ್ಬಕ್ಕೆ ನಮ್ಮಲ್ಲಿಗೇ ಬಂದಿದ್ದ ಜೊತೆಗಾರ ಕಂಬಕ್ಕೆ ಒರಗಿ ಕೂತ. ನಾನು ಬೀಜ ಎಣಿಸಿ ಹಾಕಿದೆ, ಮಧ್ಯದಲ್ಲಿ ರೇಡಿಯೋ, ಅದರ ಮೇಲೆ ಲೈಸೆನ್ಸ್ ಪುಸ್ತಕ. ಅವನು ಎಂದಿನ ಮಾತಿಗೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ನೀವು ನೆಂಟ್ರು ಕಣಣ್ಣ. ಮೊದ್ಲು ನೀವೇ ತಗೀರಿ."

ಅವನ ನಗು ನಿಂತಿತು. ಇಲ್ಲ, ನೀನು ಚಿಕ್ಕೋನು, ನೀನೇ ಶುರು ಮಾಡು ಎಂದ. ನಾನು ಕೈ ಕಟ್ಟಿ ಕೂತೆ. ಬಾಗಿಲಲ್ಲಿ ಎಲೆ ಅಡಿಕೆ ಮಡಿಸುತ್ತಿದ್ದ ಅವ್ವನಿಗೆ ಆಟದ ಗಂಧವೂ ಇರಲಿಲ್ಲ, ಆದರೆ ಮನೆಯ ರೀತಿ ಗೊತ್ತಿತ್ತು.

"ಊಟ ಆಗ್ಲಿ, ಆಟ ಆಗ್ಲಿ, ನೆಂಟ ಕೈ ಆಕ್ದಲೆ ನಮ್ಮನೇಲಿ ಯಾರೂ ಮೊದ್ಲು ಕೈ ಆಕಕಿಲ್ಲ ಕಣಪ್ಪ. ತಕ್ಕೊ."

ಅಷ್ಟು ಜನರ ಮುಂದೆ ಇನ್ನು ಬೇಡ ಅನ್ನುವಂತಿರಲಿಲ್ಲ. ಅವನು ಮೂರು ತೆಗೆದ. ಹದಿನೆಂಟು ಉಳಿಯಬೇಕು. ರಾಶಿಯಲ್ಲಿದ್ದದ್ದು ಹದಿನೇಳು. ನಾನು ಸೋಲುವ ಜಾಗ. ಹದಿನೇಳನೇ ಪೆಟ್ಟಿಗೆಯ ಬರಿದಾದ ತಳ ನನ್ನ ಕಣ್ಣೆದುರು ಬಂತು. ಎಣಿಸಿದ್ದು ನಾನೇ, ತಪ್ಪಿದ್ದೂ ನಾನೇ ಇರಬಹುದೇ ಎಂದು ಇನ್ನೊಮ್ಮೆ ಎಣಿಸಿದೆ. ಆಗ ಕಂಬದ ಕಡೆಯಿಂದ ತಣ್ಣಗೆ ಮಾತು ಬಂತು.

"ನಿಮ್ ತೊಡೆ ಅಡೀಲಿ ಒಂದು ಬೀಜ ಸಿಕ್ಕಂಡದೆ, ಸ್ವಲ್ಪ ಎದ್ದೇಳ್ರಿ. ಒತ್ತುತ್ತಾ ಇರ್ಬೇಕು."

ಅವನು ಎದ್ದ. ಬೀಜ ಅಲ್ಲೇ ಇತ್ತು. ಬ್ಯಾರನ್ನಿನ ಕೆಲಸದವರಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ಆ ಕೆಮ್ಮಿಗೆ ಕೆಮ್ಮು ಸೇರಿಸಿದರು. ನಾನು ಆ ಬೀಜವನ್ನು ಎರಡು ಬೆರಳಲ್ಲಿ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ರಾಶಿಗೆ ಹಾಕಿ, ಒಂದು ಬೀಜ ತೆಗೆದೆ. ಅಲ್ಲಿಂದ ಮುಂದೆ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಯ ಬೀಜ ಅವನ ಮುಂದೆ ಉಳಿಯಿತು. ಅದನ್ನು ಎತ್ತಿಕೊಳ್ಳುವವರೆಗೂ ನಾನು ಕಾದೆ.

ರೇಡಿಯೋ ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪೆನ್ನಿಗೆ ಇನ್ನೊಂದು ಆಟ ಎಂದೆ. ಸ್ಲೈಡ್ ರೂಲಿಗೆ ಮತ್ತೊಂದು. ಆಮೇಲೆ ಏನನ್ನೂ ಪಣಕ್ಕಿಡದೆ, ಬರೀ ನೋಡುವವರಿಗಾಗಿ. ಪ್ರತಿ ಸಲವೂ ಕೈ ಮುಗಿದು, ನೀವು ನೆಂಟ್ರು, ಮೊದ್ಲು ನೀವೇ ಎಂದೆ. ನಾಲ್ಕನೆಯ ಸಲದ ಹೊತ್ತಿಗೆ ಚಿಕ್ಕ ಮಕ್ಕಳೂ ನನ್ನ ಜೊತೆ ಅದನ್ನೇ ಹೇಳತೊಡಗಿದ್ದರು. ಅವನ ಕಿವಿ ಕೆಂಪಾದದ್ದು ನೆನಪಿದೆ. ಅವನಿಗಾಗಿ ಮರುಕವಾಯಿತು ಎಂದು ಬರೆದರೆ ಈ ಪುಟ ಚೆಂದ ಕಾಣುತ್ತದೆ. ಆಗಲಿಲ್ಲ. ಜೊತೆಗಾರ ಮಾತ್ರ ಐದನೆಯ ಆಟಕ್ಕೆ ಎದ್ದು, ಸಾಕು ಬುಡ್ಲಾ ಎಂದು ಹಿತ್ತಲಿಗೆ ಹೋದ.

ಅವ್ವ ಕಟ್ಟಿಕೊಟ್ಟ ಕಜ್ಜಾಯದ ಪೊಟ್ಟಣ ಹಿಡಿದು ಸಾಮಿಲ್ಲಿನವನು ರಸ್ತೆಗೆ ನಡೆದ. ಅಕ್ಕ ಬಂದಿಳಿದಾಗ ರೇಡಿಯೋ ಒಳಮನೆಯ ಗೂಡಿನಲ್ಲಿತ್ತು. ಅವಳು ಸುಧಾರಿಸಿಕೊಳ್ಳುವ ಮೊದಲೇ ಅದನ್ನು ಮಡಿಲಿಗೆಳೆದುಕೊಂಡು ಕವರು ಬಿಚ್ಚಿದಳು. ಸೀರೆಯ ಮೇಲೆ ಹಳದಿ ಪುಡಿ ಉದುರಿತು.

"ಇದೇನ್ಲಾ, ಮರದೊಟ್ಟು?"

ಹುಣಸೂರಿನಲ್ಲಿ ಎಲ್ಲೆಲ್ಲೂ ಇರ್ತದೆ ಎಂದೆ. ಅವಳು ನನ್ನ ಮುಖವನ್ನು ನೋಡಿದಳು, ರೇಡಿಯೋದ ಕಿವಿ ತಿರುವಿದಳು. ಅದು ಹಾಡಿತು.

ಉದುರಿದ ಹೊಟ್ಟನ್ನು ನಾನು ಕಾಗದದ ಮೇಲೆ ಗುಡಿಸಿಕೊಂಡೆ. ರಜೆ ಮುಗಿದು ಕೋಣೆಗೆ ಹಿಂತಿರುಗಿದವನು ಇಲಿ ಕಡಿದ ಇಪ್ಪತ್ತೊಂದನೇ ಪೆಟ್ಟಿಗೆಗೆ ಅದನ್ನು ತುಂಬಿ, ತೂತಿಗೆ ಅಂಟು ಹಚ್ಚಿ, ಸಾಮಿಲ್ಲಿನವನ ತರಗತಿಯ ಬೆಂಚಿನ ಮೇಲೆ, ಅವನು ಕೂರುವ ಜಾಗದಲ್ಲಿ ಇಟ್ಟು ಬಂದೆ. ಕಿಟಕಿಯಿಂದ ನೋಡಿದೆ. ತೆರೆದ, ಬೆರಳಲ್ಲಿ ಕೆದಕಿದ, ಮುಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ನಮ್ಮ ಕಿಟಕಿಯ ಹತ್ತಿರ ಅವನು ಬರಲಿಲ್ಲ, ಹೊಸಬರನ್ನು ಚಾಗೆ ಕರೆಯಲೂ ಇಲ್ಲ.

ಆ ವರ್ಷ ನಾನು ರಸಾಯನಶಾಸ್ತ್ರದಲ್ಲಿ ಫೇಲಾದೆ. ಅವನು ಎಲ್ಲದರಲ್ಲೂ ಪಾಸಾದ. ಪಟ್ಟಿ ಅಂಟಿಸಿದ ಗೋಡೆಯ ಹತ್ತಿರ ಇಬ್ಬರೂ ಎದುರಾದೆವು. ಅವನು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟ. ನಾನು ಕದಲದೆ ಕೈ ಮುಗಿದು, ನೀವೇ ಮೊದಲು ಹೋಗಿ ಅಣ್ಣ, ಎಂದೆ.