ಹೊಲಿಗೆ ಮಷೀನು ಬರೆದ ಕಾರ್ಡುಗಳು

ನಿನ್ನೆ ನನ್ನ ಮೊಬೈಲಿಗೆ ಪೊಲೀಸರಿಂದ ಮೆಸೇಜು ಬಂತು. ಗಾಬರಿಯಾಗಬೇಡಿ, ಈ ಸಲ ತಪ್ಪು ನನ್ನದಲ್ಲ. ಮನೆ ಮುಂದಿನ ಸ್ಕೂಟರು ಕಳುವಾಗಿ ಎರಡು ತಿಂಗಳಾಗಿತ್ತು; ಸ್ಕೂಟರು ಸಿಕ್ಕಿದೆ, ಕೇಸು ಇಲ್ಲಿಗೆ ಬಂತು ಅಂತ ಅವರಾಗಿಯೇ ತಿಳಿಸಿದ್ದರು. ಕಳಕೊಂಡವರಿಗೆ ಸುದ್ದಿ ಮುಟ್ಟಿಸಲೇಬೇಕು ಅಂತ ಈಗ ಕಾಯ್ದೆಯೇ ಬಂದಿದೆಯಂತೆ. ನನಗೆ ನಗು ತಡೆಯಲಾಗಲಿಲ್ಲ. ಆ ಕಾಯ್ದೆಯನ್ನು ದಿಲ್ಲಿಯವರಿಗಿಂತ ಎಷ್ಟೋ ವರ್ಷ ಮೊದಲು, ಆಂಧ್ರದ ಗಡಿಯ ಆದೋನಿಯ ಒಂದು ಬೇವಿನ ಮರದ ಕೆಳಗೆ, ನಾನೊಬ್ಬನೇ ಜಾರಿಗೆ ತಂದಿದ್ದೆ. ಅದರಲ್ಲೊಂದು ತೂತಿತ್ತು, ನಿಜ. ಅದನ್ನೂ ಹೇಳುತ್ತೇನೆ, ಕೂತುಕೊಳ್ಳಿ.

ಎಂಬತ್ತನೇ ಇಸವಿಯ ಆಚೀಚೆ ಕೋರ್ಟಿನ ಎದುರು ಆ ಮರದ ಕೆಳಗೆ ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿದ್ದೆ. ಕನ್ನಡವಾಗಲಿ ತೆಲುಗಾಗಲಿ, ನನ್ನ ಅಕ್ಷರ ನೋಡಿ ಜಡ್ಜುಗಳೇ ತಲೆದೂಗುತ್ತಿದ್ದರು. ಜಡ್ಜುಗಳು ನೋಡದ ಬರವಣಿಗೆಯೂ ಇತ್ತೆನ್ನಿ. ಒಮ್ಮೆ ಜಿಪುಣ ವಕೀಲರೊಬ್ಬರ ಹೆಸರಿನಲ್ಲಿ ಇಡೀ ಓಣಿಗೆ ಊಟದ ಕರೆ ಕಳಿಸಿದ್ದೆ. ಜನ ಮಕ್ಕಳುಮರಿ ಸಮೇತ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತರು. ವಕೀಲರು ಆ ದಿನ ಬಡಿಸಿದ ಚಿತ್ರಾನ್ನದ ರುಚಿ ಇನ್ನೂ ನಾಲಿಗೆಯಲ್ಲಿದೆ. ನಾನೂ ಹೋಗಿದ್ದೆ, ಬಿಡುತ್ತೇನೆಯೇ?

ಆಗ ಬಂದವಳು ಹಂಪಕ್ಕ. ಕೌತಾಳಂನಲ್ಲಿ ರವಿಕೆ, ಲಂಗ ಹೊಲಿದು ಬದುಕುತ್ತಿದ್ದಳು. ಅವಳ ಹೊಲಿಗೆ ಮಷೀನನ್ನು ಯಾರೋ ಹೊತ್ತುಕೊಂಡು ಹೋದರು. ಎಂಟು ದಿನದಲ್ಲಿ ಮಷೀನೂ ಸಿಕ್ಕಿತು, ಕಳ್ಳನೂ ಸಿಕ್ಕ. ಆದರೆ ಕೇಸು ಮುಗಿಯುವ ತನಕ ಮಷೀನು ಸ್ಟೇಷನ್ನಿನ ಹಿಂದಿನ ಕೋಣೆಯಲ್ಲೇ ಇರಬೇಕು. ಕೇಸು ಯಾವಾಗ, ಕೋರ್ಟಿನ ವಾಯಿದೆ ಯಾವ ದಿನ, ಅವಳಿಗೆ ಹೇಳುವವರಿಲ್ಲ. ವಾರವಾರ ಬಸ್ಸು ಹತ್ತಿ ಬರುತ್ತಿದ್ದಳು, ಕೇಳಿ ಹಿಂದಿರುಗುತ್ತಿದ್ದಳು. ಸೂಜಿ ಹಿಡಿದು ಕೈಯಲ್ಲೇ ಹೊಲಿದು ಅವಳ ಬೆರಳೆಲ್ಲ ತೂತು.

ಒಂದು ದಿನ ನನ್ನ ಮರದ ಕೆಳಗೆ ಕೂತು, "ಸತ್ತೋರ ಸುದ್ದಿ ಆದ್ರೂ ಬರ್ತೈತಿ ತಮ್ಮಾ, ನನ್ನ ಮಷೀನಿಂದು ಒಂದು ಸುದ್ದಿ ಇಲ್ಲ" ಅಂದಳು.

ನನ್ನ ತಲೆಯೊಳಗಿನ ಹುಳು ಎದ್ದಿತು. ಮರುದಿನವೇ ಕೌತಾಳಂಗೆ ಒಂದು ಕಾರ್ಡು ಹಾಕಿದೆ. "ಹಂಪಕ್ಕಗ ನಿನ್ನ ಮಷೀನು ಮಾಡುವ ನಮಸ್ಕಾರ. ನಾನು ಕ್ಷೇಮ. ಹೆಡ್ಡು ಸಾಹೇಬರು ದಿನಾ ನನ್ನ ತಲಿ ಮ್ಯಾಲೆ ಚಾ ಇಡ್ತಾರ. ವಾಯಿದೆ ಮುಂದಿನ ಸೋಮವಾರ." ಕೋರ್ಟಿನ ಸುದ್ದಿ ಗುಮಾಸ್ತನಿಂದ, ಕೋಣೆಯ ಸುದ್ದಿ ಹೆಡ್ ಕಾನ್‌ಸ್ಟೇಬಲ್ಲನಿಂದ ನನಗೆ ಬಿಟ್ಟಿ ಸಿಗುತ್ತಿತ್ತು. ಕಾರ್ಡು ಮುಟ್ಟಿದ ಮೇಲೆ ಅಕ್ಕ ಸರಿಯಾಗಿ ವಾಯಿದೆಯ ದಿನಕ್ಕೇ ಬರತೊಡಗಿದಳು. ಕೌತಾಳಂನ ಪೋಸ್ಟ್‌ಮ್ಯಾನು ಕಾರ್ಡನ್ನು ಕಟ್ಟೆಯ ಮೇಲೆ ಓದಿ ಹೇಳಿಯೇ ಅವಳಿಗೆ ಕೊಡುತ್ತಿದ್ದನಂತೆ. ನನಗೆ ಕೋಡು ಮೂಡಿತು.

ಕೋಡು ಮೂಡಿದವನ ಕಣ್ಣು ಮೇಲಿರುತ್ತದೆ. ಅಕ್ಕ ಸಾಕ್ಷಿ ಹೇಳಬೇಕಾದ ವಾಯಿದೆ ಬಂದಾಗ ನಾನು ಬರೆದ ಕಾರ್ಡು ನನ್ನ ಕೃತಿಗಳಲ್ಲೇ ಶ್ರೇಷ್ಠ. ಮಷೀನಿನ ಚಕ್ರದ ಮೇಲೆ ಹೆಡ್ಡು ತನ್ನ ಒದ್ದೆ ಟೋಪಿ ಒಣಹಾಕಿದ್ದು, ಪಕ್ಕದ ಕಳುವಿನ ಸೈಕಲ್ಲು ಮಷೀನಿಗೆ ಕಣ್ಣು ಹೊಡೆದದ್ದು, ಇದು ನಾಚಿ ದಾರ ಹರಿದುಕೊಂಡದ್ದು, ಎಲ್ಲ ಇತ್ತು. ತಾರೀಕು ಒಂದೇ ಇರಲಿಲ್ಲ. ಬರೆಯಲು ಜಾಗ ಉಳಿದಿರಲಿಲ್ಲ, ನೆನಪೂ ಉಳಿದಿರಲಿಲ್ಲ. ಕೋರ್ಟಿನ ಸಮನ್ಸು ಯಾರ ಜೇಬಿನಲ್ಲಿ ಮುದುಡಿ ಕೂತಿತ್ತೋ. ಅಕ್ಕ ಬರಲಿಲ್ಲ, ಕೇಸು ಬಿದ್ದುಹೋಯಿತು.

ನಾಲ್ಕು ದಿನ ಕಳೆದು ಬಂದಳು. ಹೇಳುವ ಧೈರ್ಯವಿಲ್ಲದೆ ಅವಳ ಹಿಂದೆ ಸ್ಟೇಷನ್ನಿಗೆ ಹೋದೆ. ಹೆಡ್ಡು ತಲೆ ಎತ್ತದೆ ತೆಲುಗಿನಲ್ಲಿ, "ಕೇಸು ಕೊಟ್ಟೇಶಾರಮ್ಮಾ" ಅಂದ. ಕೇಸು ವಜಾ ಮಾಡಿದರು ಅಂತ ಅದರ ಅರ್ಥ. ಅಕ್ಕನ ಮುಖ ಅರಳಿತು.

"ಕೊಟ್ಟಾರಂತ ತಮ್ಮಾ, ಕೊಟ್ಟಾರಂತ. ನಡಿ, ಮಷೀನು ಎತ್ತು."

ಹೆಡ್ಡು ತಿಳಿಸಿ ಹೇಳಿದಷ್ಟೂ 'ಕೊಟ್ಟೇಶಾರು' ಅನ್ನುತ್ತಿದ್ದ, ಅಂದಷ್ಟೂ ಇವಳು "ಕೊಟ್ಟಾರಲ್ಲಾ, ಮತ್ತ ತಡ ಯಾಕ್ರಿ?" ಅನ್ನುತ್ತಿದ್ದಳು. ಕೋಣೆಗೆ ನುಗ್ಗಿ, ಮಷೀನಿನ ಮೇಲಿದ್ದ ಟೋಪಿ ತೆಗೆದು ಅವನ ಕೈಗೆ ಕೊಟ್ಟು, ಮಷೀನು ತಬ್ಬಿಕೊಂಡು ಕೂತುಬಿಟ್ಟಳು. ಕಾನ್‌ಸ್ಟೇಬಲ್ಲರು ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ಹೆಡ್ಡು ನನ್ನ ಕಡೆ ತಿರುಗಿ, ಕೇಸು ಮುಗಿದಿದೆ, ಮಷೀನು ವಾಪಸ್ಸು ಕೇಳಿ ಒಂದು ಅರ್ಜಿ ಗೀಚು ಮಾರಾಯ, ಈಕೆ ಏಳುವವಳಲ್ಲ ಅಂತ ಬೇಡಿಕೊಂಡ. ಜನ್ಮದಲ್ಲಿ ಅಷ್ಟು ಚುಟುಕಾದ ಅರ್ಜಿ ನಾನು ಬರೆದಿಲ್ಲ. ಮೊದಲ ಸಾಲಿನಲ್ಲೇ ತಾರೀಕು ಹಾಕಿದೆ. ಕಳ್ಳನೂ ಅದು ತನ್ನದೆನ್ನಲಿಲ್ಲ. ಮರುದಿನ ಸಂಜೆಗೆ ಕೋರ್ಟಿನ ಹುಕುಂ ಬಂತು.

ಕೌತಾಳಂ ಬಸ್ಸಿನ ಮೇಲೆ ಮಷೀನು ಕಟ್ಟಿಸಿ ಇಳಿದೆ. ಕಿಟಕಿಯಿಂದ ಅಕ್ಕ ಹೂವು ಉದುರಿದಂಥ ತೆಲುಗಿನಲ್ಲಿ, "ನಾಕು ತೆಲುಗು ರಾದನುಕುನ್ನಾವಾ?" ಅಂತ ಕೇಳಿದಳು. ನನಗೆ ತೆಲುಗು ಬರೋದಿಲ್ಲ ಅಂದುಕೊಂಡೆಯಾ ಅಂತ! ಮರುಕ್ಷಣವೇ ಆಕೆ ಕನ್ನಡಕ್ಕೆ ಬಂದಳು.

"ನನ್ನ ಮಷೀನು ಇಷ್ಟು ಚಂದ ಬರೀತಿದ್ರ ನಾ ಯಾಕ ಹೊಲೀತಿದ್ನೋ? ನಗಸೋದು ಆಮ್ಯಾಲ ತಮ್ಮಾ. ಮೊದ್ಲು ತಾರೀಕು ಬರಿ."

ಊರಿಗೆಲ್ಲ ಟೋಪಿ ಹಾಕಿದವನಿಗೆ ಟೋಪಿ ಹಾಕಿ ಹೋದವಳು ಅವಳೊಬ್ಬಳೇ.

ನಿನ್ನೆಯ ಮೆಸೇಜು ಎರಡೇ ಸಾಲು, ಸಪ್ಪೆ. ಸ್ಕೂಟರಿಗೆ ಯಾರು ಕಣ್ಣು ಹೊಡೆದರು ಅಂತ ಒಂದು ಮಾತಿಲ್ಲ. ಇಂಥವರಿಗೆ ಬರೆಯಲು ಕಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿತ್ತು: ಮೊದಲ ಸಾಲಿನಲ್ಲೇ ನಾನು ಸ್ಟೇಷನ್ನಿಗೆ ಬರಬೇಕಾದ ತಾರೀಕು ಇತ್ತು. ಎದ್ದು ಕ್ಯಾಲೆಂಡರಿನಲ್ಲಿ ಅದರ ಸುತ್ತ ಗುಂಡಗೆ ಗೆರೆ ಎಳೆದೆ. ಆಮೇಲೆ ಸ್ಟೇಷನ್ನಿಗೆ ಉತ್ತರ ಕಳಿಸಿದೆ: "ತಾರೀಕು ಗೊತ್ತಾಯಿತು, ಬರುತ್ತೇನೆ. ನನ್ನ ಸ್ಕೂಟರಿನ ಮೇಲೆ ಯಾರ ಟೋಪಿ ಒಣಗುತ್ತಿದೆ?"