ಎಡಗೈಗೆ ಬರುವ ದಾರಿ

ತಲೆ ಸುತ್ತಿ ಬಿದ್ದದ್ದು ಒಂದು ಸೋಮವಾರ. ತಲೆಯ ಹಿಂಭಾಗಕ್ಕೆ ರಕ್ತ ಹೋಗುವುದು ಕೊಂಚ ಹೊತ್ತು ನಿಂತಿತ್ತು ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದರು. ವಾರದಲ್ಲಿ ಎದ್ದು ಓಡಾಡಿದೆ, ಅಂಗಡಿಗೂ ಹೋದೆ. ಎಡಗೈ ಮಾತ್ರ ಮೊದಲಿನಂತಾಗಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಅದರಷ್ಟು ಸಾಧು ಇನ್ನೊಂದಿಲ್ಲ. ಎತ್ತಿ ಹಿಡಿದೆನೋ, ನಡುಗಲು ಶುರು.

ಬೇರೆ ಮನೆಯಾಗಿದ್ದರೆ ಎಡಗೈ ತಾನೇ ಎಂದು ಬಿಡುತ್ತಿದ್ದರೇನೋ. ನಮ್ಮದು ಲಿಂಗ ಕಟ್ಟಿದ ಮನೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಿಂದ ನೀರು ಎರೆಯದೆ ಬಾಯಿಗೆ ಏನನ್ನೂ ಹಾಕಿದವರಲ್ಲ ನಾವು. ಒಂದು ದಿನ ಲಿಂಗ ಜಾರಿ ತಟ್ಟೆಗೆ ಬಿತ್ತು. ತಟ್ಟೆಗೆ ಬಿದ್ದರೆ ದೋಷವಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ನೆಲಕ್ಕೆ ಬಿದ್ದರೆ ಏನು ಎಂಬುದಕ್ಕೆ ನನ್ನ ಬಳಿ ತೀರ್ಪು ಇರಲಿಲ್ಲ. ಹೆದರಿಕೆಯಾಯಿತು. ಹೆಂಡತಿ ಹತ್ತಿರ ಬಂದು ಹಿಡಿಯಲು ನೋಡಿದಳು. ನನ್ನ ಪೂಜೆಗೆ ಆಳು ಬೇಕಾಗಿಲ್ಲ ಎಂದು ಗದರಿದೆ.

ಕೊನೆಗೆ ಡಾಕ್ಟರ ಚೀಟಿ ಹಿಡಿದು ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು. ಮೆದುಳಿನ ಒಳಗಿನ ದಾರಿಗಳದೇ ಚಿತ್ರ ತೆಗೆಯುವ ಸ್ಕ್ಯಾನಿಂಗ್ ಅಂತೆ. ಸ್ಕ್ಯಾನಿಂಗ್ ಮಾಡುವ ಹೆಣ್ಣುಮಗಳು ಮೈಮೇಲೆ ಲೋಹ ಇರಕೂಡದು, ಒಳಗೆ ಅಲ್ಲಾಡಕೂಡದು ಎಂದು ಇಬ್ಬರಿಗೂ ಕೇಳುವಂತೆ ಹೇಳಿದಳು. ಲಿಂಗದ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಹೆಂಡತಿಗೆ ಕೊಟ್ಟೆ. ಲಿಂಗವನ್ನು ಕೊಡಲಿಲ್ಲ. ಮೈಮೇಲಿಂದ ಅದನ್ನು ತೆಗೆಯುವ ಪದ್ಧತಿ ಇಲ್ಲ. ಒಂದು ರೇಷ್ಮೆ ತುಂಡಿನಲ್ಲಿ ಸುತ್ತಿ ಬಲ ಮುಷ್ಟಿಯಲ್ಲಿ ಇಟ್ಟುಕೊಂಡೆ. ಲೋಹ ಏನಾದರೂ ಇದೆಯಾ ಎಂದು ಆಕೆ ಮತ್ತೆ ಕೇಳಿದಳು. ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ.

ಆಕೆ ಮುಷ್ಟಿ ಬಿಡಿಸಿ ನೋಡಿದಳು. ಬಟ್ಟೆಯ ಅಂಚು ದೀಪದ ಬೆಳಕಿಗೆ ಫಳಫಳ ಹೊಳೆಯಿತು.

“ಇದು ಜರಿ ಅಲ್ವಾ ಸರ್?”

ಮೂವತ್ತು ವರ್ಷ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಮಾರಿದ್ದೇನೆ. ಯಾವ ಜರಿಯಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಕಣ್ಣಲ್ಲೇ ಹೇಳಬಲ್ಲೆ. ಆದರೂ ಜರಿ ಲೋಹ ಎಂದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ. ನಮ್ಮೂರಲ್ಲಿ ಜರಿ ಎಂದರೆ ಬಟ್ಟೆ. ಬೇರೆ ಬಟ್ಟೆ ಹುಡುಕುವಷ್ಟು ಪುರುಸೊತ್ತು ಆಕೆಗಿರಲಿಲ್ಲ. ಒಳಗೆ ಕೈಯಲ್ಲಿ ಏನೂ ಬೇಡ ಎಂದುಬಿಟ್ಟಳು. ಲಿಂಗವನ್ನು ಹೆಂಡತಿಯ ಕೈಗೆ ಕೊಟ್ಟೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು.

ಯಂತ್ರದೊಳಗೆ ಯಾರೋ ತಗಡಿನ ಶೀಟು ಬಡಿಯುತ್ತಿರುವಂತೆ ಸದ್ದು. ಅರ್ಧ ಗಂಟೆಯಾದ ಮೇಲೆ ಹೊರಬಂದರೆ, ಹೆಂಡತಿ ಬೆಂಚಿನ ಮೇಲೆ ಎರಡೂ ಕೈ ಬೊಗಸೆ ಮಾಡಿಕೊಂಡು ನೆಟ್ಟಗೆ ಕೂತಿದ್ದಳು. ಕೆನ್ನೆಯ ಮೇಲೆ ನೊಣ ಕೂತಿತ್ತು, ಓಡಿಸಿರಲಿಲ್ಲ.

“ಅಲ್ಲಾಡ್ಬ್ಯಾಡಿ ಅಂದಿದ್ರಲ್ಲ” ಎಂದಳು.

ಅದು ಒಳಗೆ ಮಲಗುವವನಿಗೆ ಹೇಳಿದ್ದು ಎಂದು ನಾನು ತಿದ್ದಲಿಲ್ಲ. ಬಲಗೈಯಿಂದ ಆ ನೊಣ ಓಡಿಸಿದೆ.

ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಕೆಂಪು, ಹಸಿರು, ನೀಲಿ ಎಳೆಗಳು. ಮೆದುಳಿನ ಮೇಲ್ಪದರ ‘ಕೈ ಎತ್ತು’ ಎನ್ನುತ್ತದಂತೆ. ಹಿಂದೆ ಕೆಳಗಡೆ ಇರುವ ಕಿರುಮೆದುಳು ‘ಮೆಲ್ಲಗೆ, ಸಾಕು, ನಿಲ್ಲು’ ಎನ್ನುತ್ತದಂತೆ. ಎಡಗೈಯ ಲೆಕ್ಕ ಎಡ ಕಿರುಮೆದುಳಿನದು. ಅಲ್ಲಿಂದ ಹೊರಟ ದಾರಿ ನಡುವೆ ದಾಟಿ ಬಲಗಡೆಯ ಮೇಲ್ಪದರಕ್ಕೆ ಹೋಗುತ್ತದೆ. ನನ್ನದರಲ್ಲಿ ಆ ದಾರಿ ತೆಳ್ಳಗಾಗಿತ್ತು. ‘ಸಾಕು’ ಅನ್ನುವುದು ಸರಿಯಾಗಿ ತಲುಪುತ್ತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು.

“ಅದು ಇವ್ರಿಗೆ ಮೊದ್ಲಿಂದ್ಲೂ ತಲುಪ್ತಿರ್ನಿಲ್ಲ ಕಣ್ ಸಾ” ಎಂದಳು ಹೆಂಡತಿ. ಅವಳು ಅಗರದವಳು, ಆ ಊರಿನವರು ಡಾಕ್ಟರ ಎದುರು ಏನನ್ನೂ ಮುಚ್ಚಿಡುವುದಿಲ್ಲ.

ಲಿಂಗ ಹಿಡಿಯಲು ಆಗುತ್ತದೆಯೇ ಎಂದು ಕೇಳಿದೆ. ಅಭ್ಯಾಸ ಮಾಡುತ್ತಿದ್ದರೆ ಕೈ ಸುಧಾರಿಸಬಹುದು, ಪೂರ್ತಿ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಒಳ್ಳೆಯ ಡಾಕ್ಟರು. ಅವತ್ತು ಅವರ ಮೇಲೆ ನನಗೆ ಸಿಟ್ಟು ಬಂತು.

ಊರಿಗೆ ಮರಳಿ, ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತೆ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಕೈ ತನ್ನ ಕೆಲಸ ಶುರು ಮಾಡಿತು. ಬಾಗಿಲ ಬಳಿ ಹೆಂಡತಿ ನಿಂತಿದ್ದಳು. ಒಳಗೆ ಬರಲಿಲ್ಲ. ನಾನು ಗದರಿದ್ದು ಅವಳಿಗೆ ಮರೆತಿರಲಿಲ್ಲ.

“ಬಾ, ಇಡ್ಕೋ” ಎಂದೆ.

ಅವಳು ಪಕ್ಕದಲ್ಲಿ ಕೂತು ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟಳು. ನನ್ನ ಕೈ ನಡುಗಿತು, ಅದರ ಜೊತೆಗೆ ಅವಳದೂ ನಡುಗಿತು. ನಾನು ನೀರು ಎರೆದೆ. ಲಿಂಗ ಬೀಳಲಿಲ್ಲ.