ಊದುಬತ್ತಿಯ ಬಿಸಿಲು

ಥರ್ಮಾಮೀಟರಿನ ಮುಂದೆ ಬಗ್ಗುವ ಮೊದಲು ಮಳೆ ಸಾಹೇಬರು ಉಸಿರು ಹಿಡಿಯುತ್ತಿದ್ದರು. ಕೆನ್ನೆ ಎರಡೂ ಉಬ್ಬುತ್ತಿದ್ದವು, ಬಿಳಿ ಗಡ್ಡ ಮುಂದಕ್ಕೆ ಬರುತ್ತಿತ್ತು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಓದಿ, ಎರಡು ಹೆಜ್ಜೆ ಹಿಂದೆ ಸರಿದು, ಪೆಟ್ಟಿಗೆಯ ಬಾಗಿಲು ಹಾಕಿದ ಮೇಲೆಯೇ ಬುಸ್ಸೆಂದು ಉಸಿರು ಬಿಡುತ್ತಿದ್ದರು. ಮೊದಲ ದಿನ ನೋಡಿದಾಗ ನನಗೆ ನಗು ಬಂತು.

“ನಗ್ಬೇಡಮ್ಮ. ನನ್ನ ಉಸಿರೂ ಬಿಸಿ, ನಿನ್ನ ಉಸಿರೂ ಬಿಸಿ. ನಾವು ಅಳೆಯೋಕೆ ಬಂದಿರೋದು ಹೆಬ್ಬಾಳದ ಗಾಳಿ, ನಮ್ಮ ಹೊಟ್ಟೆ ಗಾಳಿ ಅಲ್ಲ,” ಎಂದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹೆಬ್ಬಾಳದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೆ. ಪ್ರಯೋಗದ ಹೊಲಗಳ ನಡುವೆ, ತಂತಿ ಬೇಲಿಯೊಳಗೆ, ಹವಾಮಾನ ನೋಡುವ ಒಂದು ಸಣ್ಣ ಅಂಗಳವಿತ್ತು. ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆ, ಮಳೆ ಮಾಪಕ, ಗಾಳಿಗೆ ತಿರುಗುವ ಬಟ್ಟಲುಗಳು, ಸಿಮೆಂಟಿನ ಕಂಬದ ಮೇಲೆ ಒಂದು ಗಾಜಿನ ಗುಂಡು. ಇವನ್ನು ದಿನವೂ ಓದಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಹುದ್ದೆಯ ಹೆಸರು ಅಬ್ಸರ್ವರ್. ವಿದ್ಯಾರ್ಥಿಗಳ ಬಾಯಲ್ಲಿ ಮಳೆ ಸಾಹೇಬರು. ಆರ್.ಟಿ. ನಗರದ ಹಿಂದಿನ ಒಂದು ಗಲ್ಲಿಯಿಂದ ಸೈಕಲ್ ತುಳಿದು ಬರುತ್ತಿದ್ದರು. ಪ್ಯಾಂಟಿನ ಎರಡೂ ಕಾಲಿಗೆ ಕ್ಲಿಪ್ಪು, ತಲೆಗೆ ಟೋಪಿ, ಕ್ಯಾರಿಯರಿನಲ್ಲಿ ರಿಜಿಸ್ಟರಿನ ಚೀಲ.

ಬೆಳಗಿನ ಓದು ಏಳು ಇಪ್ಪತ್ತಕ್ಕೆ, ಮಧ್ಯಾಹ್ನದ್ದು ಎರಡು ಇಪ್ಪತ್ತಕ್ಕೆ. ಈ ಇಪ್ಪತ್ತು ನಿಮಿಷದ ಬಾಲ ಯಾಕೆ ಎಂದು ಕೇಳಿದೆ.

“ಗಡಿಯಾರ ಇಡೀ ದೇಶಕ್ಕೆ ಒಂದೇ. ಸೂರ್ಯ ಹೆಬ್ಬಾಳಕ್ಕೆ ಬರೋದು ಇಪ್ಪತ್ತು ನಿಮಿಷ ಲೇಟು. ನಾವು ಅವನ ಟೈಮಿಗೆ ಬರ್ಬೇಕು, ಅವನು ನಮ್ಮ ಟೈಮಿಗೆ ಬರಲ್ಲ.”

ಇಂಥ ಶಿಸ್ತು ನನಗೆ ಹೊಸದಲ್ಲ. ತಂದೆ ಗದಗಿನ ಕಡೆಯ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್. ನಮ್ಮ ಮನೆಯಲ್ಲಿ ಸ್ನಾನ, ಊಟ, ಓದು ಎಲ್ಲವೂ ಗಾಡಿಗಳ ವೇಳೆಗೆ. ಹಾಸ್ಟೆಲಿನಲ್ಲೂ ಐದಕ್ಕೆ ಏಳುವವಳು ನಾನೊಬ್ಬಳೇ. ಆರೂವರೆಗೆ ಮೆಸ್ಸಿನ ಕಾಫಿ, ಏಳಕ್ಕೆ ಹೊಲ, ಸಂಜೆ ಗ್ರಂಥಾಲಯದಿಂದ ತಂದ ಕಾದಂಬರಿ ಅರ್ಧ ಗಂಟೆ, ರೇಡಿಯೊ ಕಾಲು ಗಂಟೆ, ಮಲಗುವ ಮುಂಚೆ ದಿನಚರಿ ಒಂದು ಪುಟ. ವೇಳೆಗೆ ಸರಿಯಾಗಿರುವುದು ನನ್ನ ಹುಟ್ಟುಗುಣವೆಂದು ನಂಬಿದ್ದೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಪ್ರಬಂಧದ ವಿಷಯ ಬೇಸಿಗೆಯ ಸೂರ್ಯಕಾಂತಿ. ದಿನಕ್ಕೆ ಎಷ್ಟು ಗಂಟೆ ಬಿಸಿಲು ಸಿಕ್ಕರೆ ಎಷ್ಟು ದಿನಕ್ಕೆ ಹೂವಾಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕಿತ್ತು. ಬಿಸಿಲನ್ನು ಅಳೆಯುತ್ತಿದ್ದದ್ದು ಆ ಗಾಜಿನ ಗುಂಡು. ಅದರ ಹಿಂದೆ ಗಂಟೆಗಳ ಗುರುತಿರುವ ಒಂದು ರಟ್ಟಿನ ಪಟ್ಟಿ ಸಿಕ್ಕಿಸಿರುತ್ತಾರೆ. ಬಿಸಿಲು ಗುಂಡನ್ನು ಹಾದು ಬೆಳಗಿನಿಂದ ಸಂಜೆಯವರೆಗೆ ಆ ಪಟ್ಟಿಯನ್ನು ಗೆರೆಯಾಗಿ ಸುಡುತ್ತ ಹೋಗುತ್ತದೆ. ಮೋಡ ಬಂದರೆ ಗೆರೆ ಕಡಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಪಟ್ಟಿ ತೆಗೆದು ಹೊಸದು ಹಾಕಬೇಕು. ಸುಟ್ಟ ಗೆರೆಯ ಉದ್ದವೇ ಆ ದಿನದ ಬಿಸಿಲು. ಸಾಹೇಬರು ಅದನ್ನು ಕಾರ್ಡು ಎನ್ನುತ್ತಿದ್ದರು. ತಿಂಗಳಿನ ಕಾರ್ಡುಗಳನ್ನು ದಾರದಲ್ಲಿ ಕಟ್ಟಿ, ಮೇಲೆ ಚೀಟಿ ಅಂಟಿಸಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು.

ಅವರು ನನಗೆ ಕಲಿಸಿದ ಮೊದಲ ಪಾಠ, ಥರ್ಮಾಮೀಟರಿನಲ್ಲಿ ಮೊದಲು ದಶಾಂಶ ಓದಬೇಕು, ಆಮೇಲೆ ಡಿಗ್ರಿ. “ನೀನು ಹತ್ರ ಬಂದ ತಕ್ಷಣ ಚಿಕ್ಕದು ಓಡಿ ಹೋಗತ್ತೆ. ದೊಡ್ಡದು ಅಲ್ಲೇ ನಿಂತಿರತ್ತೆ, ಅದಕ್ಕೇನು ಅವಸರ?” ಎರಡನೆಯ ಪಾಠ, ನೋಡಿದಾಗಲೇ ಬರೆಯಬೇಕು. ರೂಮಿಗೆ ಹೋಗಿ ನೆನಪಿನಿಂದ ಬರೆದದ್ದು ಓದು ಅಲ್ಲ.

ಒಂದು ದಿನ ನನ್ನ ಕೈಯಲ್ಲಿ ದಿನಚರಿ ಇತ್ತು. ನೋಡಬಹುದೇ ಎಂದು ಕೇಳಿ, ತೆರೆದ ಪುಟವನ್ನು ಗಟ್ಟಿಯಾಗಿ ಓದಿದರು. “‘ಇಂದು ವಿಪರೀತ ಸೆಕೆ. ಮನಸ್ಸಿಗೆ ಬೇಸರ.’ ವಿಪರೀತ ಅಂದ್ರೆ ಎಷ್ಟಮ್ಮ?”

“ವಿಪರೀತ ಅಂದ್ರ ವಿಪರೀತ ರೀ ಸರ್.”

“ರಿಜಿಸ್ಟರಲ್ಲಿ ನಾನು ಹಂಗೆ ಬರೆದ್ರೆ ಪುಣೆಯ ಹವಾಮಾನ ಆಫೀಸಿನವರು ನನ್ನನ್ನ ಮನೆಗೆ ಕಳಿಸ್ತಾರೆ.” ಪುಸ್ತಕ ಹಿಂದಕ್ಕೆ ಕೊಟ್ಟರು. “ಬೇಸರಕ್ಕೆ ಥರ್ಮಾಮೀಟರ್ ಇಲ್ಲ, ಅದು ಬರ್ಕೋ. ಸೆಕೆ ಮಾತ್ರ ನನ್ನ ಕೇಳು.”

ಅಂದಿನಿಂದ ನನ್ನ ದಿನಚರಿಯಲ್ಲಿ ಪುಟದ ಮೇಲ್ಗಡೆ ಅಂಕಿಗಳು ಬಂದವು.

ಮಾರ್ಚ್ ತಿಂಗಳಲ್ಲಿ ಅವರ ಮಗಳ ಮದುವೆ ಚಿಕ್ಕಬಳ್ಳಾಪುರದಲ್ಲಿ ನಿಶ್ಚಯವಾಯಿತು. ಶನಿವಾರದಿಂದ ಸೋಮವಾರದವರೆಗೆ ರಜೆ. ಬದಲಿಗೆ ಬರಬೇಕಾಗಿದ್ದವರು ಕಾಮಾಲೆಯಾಗಿ ಮಲಗಿದರು. ಶುಕ್ರವಾರ ಸಂಜೆ ಸಾಹೇಬರು ಅಂಗಳದ ಬೀಗದ ಕೈಯನ್ನು ನನ್ನ ಕೈಗಿಟ್ಟರು.

“ಮೂರು ದಿನ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಕಾರ್ಡು. ಮಾಡ್ತೀಯಾ?”

“ತಪ್ಪೂದಿಲ್ರಿ ಸರ್.”

“ನಿನ್ನ ಬಿಟ್ರೆ ಬೇರೆ ಯಾರನ್ನೂ ಕೇಳ್ತಿರ್ಲಿಲ್ಲ,” ಎಂದರು. ಅವರಿಂದ ಹೊಗಳಿಕೆಯೆಂದು ನಾನು ಕೇಳಿದ್ದು ಅದೊಂದೇ.

ಶನಿವಾರ ಬೆಳಗಿನ ಓದು, ಮಧ್ಯಾಹ್ನದ ಓದು ಎರಡೂ ಸರಿಯಾಗಿ ಮುಗಿದವು. ಎರಡೂವರೆಗೆ ನನ್ನ ರೂಮ್‌ಮೇಟ್ ಬೇಲಿಯ ಹೊರಗೆ ಬಂದು ನಿಂತಳು. ಅವಳ ಮನೆ ಯಶವಂತಪುರ.

“ಬಾರೇ, ಅಮ್ಮ ಒಬ್ಬಟ್ಟು ಮಾಡಿದಾರೆ. ಹೊಸ ರೆಕಾರ್ಡ್ ಪ್ಲೇಯರ್ ಬಂದಿದೆ. ಆರು ಗಂಟೆಗೆ ಬಸ್ ಹತ್ತಿಸ್ತೀನಿ.”

“ಕಾರ್ಡ್ ಬದಲಾಯಿಸಬೇಕಲ್ಲ.”

“ಅಷ್ಟೊತ್ತಿಗೆ ಬಂದಿರ್ತೀಯ ಕಣೇ. ಸೂರ್ಯ ಏನು ಗುಂಡು ಕಿತ್ಕೊಂಡು ಓಡಿ ಹೋಗ್ತಾನಾ?”

ಹೋದೆ. ಹಾಡು ಒಂದಾದ ಮೇಲೆ ಒಂದು. ಕಿಟಕಿಯಾಚೆ ನೋಡಿದಾಗ ಬೆಳಕು ಹೋಗಿತ್ತು. ಹೆಣ್ಣುಮಗಳು ಈ ಹೊತ್ತಿನಲ್ಲಿ ಹೆಬ್ಬಾಳದ ಹೊಲಕ್ಕೆ ಹೋಗುವುದು ಬೇಡವೆಂದು ಅವಳ ತಾಯಿ ನಿಲ್ಲಿಸಿಕೊಂಡರು. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟಿದ್ದರೆ ಅರ್ಧ ತಪ್ಪಾದರೂ ಸರಿಹೋಗುತ್ತಿತ್ತು. ಎದ್ದಾಗ ಎಂಟು ಗಂಟೆ. ಜೀವನದಲ್ಲಿ ಮೊದಲ ಬಾರಿ ಎಂಟಕ್ಕೆ ಎದ್ದಿದ್ದೆ. ಹೇಗೂ ತಪ್ಪಿತಲ್ಲ ಎಂದು ಮಧ್ಯಾಹ್ನದ ಊಟಕ್ಕೂ ಉಳಿದೆ. ಈ ಕೊನೆಯ ವಾಕ್ಯಕ್ಕೆ ಇವತ್ತಿಗೂ ನನ್ನ ಬಳಿ ಸಮಜಾಯಿಷಿ ಇಲ್ಲ.

ಭಾನುವಾರ ಸಂಜೆ ಅಂಗಳಕ್ಕೆ ಬಂದು ಕಾರ್ಡು ತೆಗೆದೆ. ಶನಿವಾರದ ಗೆರೆಯ ಮೇಲೆಯೇ ಭಾನುವಾರದ ಗೆರೆ ಸುಟ್ಟು, ಎರಡೂ ಸೇರಿ ಒಂದು ದಪ್ಪ ಗೆರೆಯಾಗಿತ್ತು. ಯಾವುದು ಯಾವ ದಿನದ್ದು ಎಂದು ಬಿಡಿಸಲು ಸಾಧ್ಯವಿರಲಿಲ್ಲ.

ನನ್ನ ಗೈಡ್ ಪ್ರೊಫೆಸರು ಮೊದಲೇ ಹೇಳಿದ್ದರು: ಹೂವಾಗುವ ಕಾಲದಲ್ಲಿ ಒಂದು ದಿನದ ಅಂಕಿಯೂ ಬಿಡಬಾರದು, ಬಿಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಬಿತ್ತು. ನನ್ನ ತಂದೆ ಆ ವರ್ಷ ನಿವೃತ್ತರಾಗುವವರಿದ್ದರು. ಎರಡು ವರ್ಷ ಓದು, ಮೂರನೆಯದನ್ನು ಕೇಳಬೇಡ ಎಂದೇ ಕಳಿಸಿದ್ದರು. ಮತ್ತೆ ಬಿತ್ತುವುದೆಂದರೆ ಪದವಿ ಇಲ್ಲದೆ ಊರಿಗೆ ಮರಳುವುದು.

ರೂಮಿಗೆ ಬಂದು ರೂಮ್‌ಮೇಟಳ ದೇವರ ಪಟದ ಮುಂದಿನಿಂದ ಒಂದು ಊದುಬತ್ತಿ ತೆಗೆದುಕೊಂಡೆ. ಹೊಸ ಕಾರ್ಡಿನ ಮೇಲೆ ಅಡಿಪಟ್ಟಿ ಇಟ್ಟು, ಬೆಳಗಿನ ಏಳರಿಂದ ಸಂಜೆ ಐದೂವರೆಯ ಗುರುತಿನವರೆಗೆ ಮೆಲ್ಲಗೆ ಸುಟ್ಟೆ. ಮಧ್ಯಾಹ್ನದ ಹತ್ತಿರ ಗೆರೆಯನ್ನು ಸ್ವಲ್ಪ ದಪ್ಪ ಮಾಡಿದೆ. ಅಷ್ಟು ಬುದ್ಧಿವಂತಿಕೆ ಇತ್ತು. ದಪ್ಪ ಗೆರೆಯದು ಶನಿವಾರದ ಕಾರ್ಡಾಯಿತು, ಊದುಬತ್ತಿಯದು ಭಾನುವಾರದ್ದು. ಭಾನುವಾರದ ಉಷ್ಣಾಂಶಗಳನ್ನು ಶನಿವಾರದ್ದಕ್ಕೆ ಹತ್ತಿರ ಹತ್ತಿರ ಬರೆದೆ. ದಶಾಂಶ ಮೊದಲು, ಡಿಗ್ರಿ ಆಮೇಲೆ.

ಮಂಗಳವಾರ ಬೆಳಗ್ಗೆ ಸಾಹೇಬರು ಕೈಯಲ್ಲಿ ಮೆಹಂದಿಯ ಒಂದು ಚುಕ್ಕೆ, ಚೀಲದಲ್ಲಿ ಸಿಹಿಯ ಪೊಟ್ಟಣದೊಂದಿಗೆ ಬಂದರು. ಏಳು ಇಪ್ಪತ್ತರ ಓದು ಮುಗಿಸಿದರು. ಆಮೇಲೆ ಮೂರು ದಿನದ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಭಾನುವಾರದ್ದನ್ನು ಎತ್ತಿ ಕಣ್ಣಿನ ಹತ್ತಿರ ತಂದರು. ನಂತರ ಮೂಗಿನ ಹತ್ತಿರ.

“ಏನಮ್ಮ, ಭಾನುವಾರ ಸೂರ್ಯ ಪೂಜೆ ಮುಗಿಸ್ಕೊಂಡು ಬಂದಿದ್ನಾ? ಮಲ್ಲಿಗೆ ವಾಸನೆ ಬರ್ತಿದೆ.”

ಅವರು ಸೋಮವಾರದ ಕಾರ್ಡನ್ನೂ ಹಿಂದಿನ ವಾರದ ಏಳೆಂಟನ್ನೂ ಪಕ್ಕದಲ್ಲಿಟ್ಟರು. ಎಲ್ಲದರಲ್ಲೂ ಬೆಳಗಿನ ಗೆರೆ ಒಂದೇ ಜಾಗದಲ್ಲಿ ಚೂರು ಕಡಿದಿತ್ತು. ಅವರು ಬೆರಳೆತ್ತಿ ಪೂರ್ವಕ್ಕೆ ತೋರಿಸಿದರು. ಅಲ್ಲಿ ನೀರಿನ ಟ್ಯಾಂಕ್ ಇತ್ತು.

“ಈ ತಿಂಗಳು ಅವನು ದಿನಾ ಹತ್ತು ನಿಮಿಷ ಆ ಟ್ಯಾಂಕ್ ಹಿಂದೆ ಹೋಗ್ತಾನೆ. ನಿನ್ನ ಕಾರ್ಡಲ್ಲಿ ಇಲ್ಲ. ಭಾನುವಾರ ಟ್ಯಾಂಕ್ ಎಲ್ಲಿಗೆ ಹೋಗಿತ್ತು?”

ಎಲ್ಲವನ್ನೂ ಹೇಳಿದೆ. ಯಶವಂತಪುರ, ಹಾಡು, ಎಂಟು ಗಂಟೆ, ಊಟ. ನಾನು ಅಳಲಿಲ್ಲ, ಅಳು ಬಂದಿದ್ದರೆ ಅನುಕೂಲವಾಗುತ್ತಿತ್ತು. ಬದಲಿಗೆ ವಾದ ಮಾಡಿದೆ. “ಎರಡೂ ದಿವಸ ಬಿಸಲ ಒಂದ ಥರಾ ಇತ್ರಿ ಸರ್. ಭಾನುವಾರ ಮೋಡ ಇರಲಿಲ್ಲ, ನಾ ಕಣ್ಣಾರೆ ನೋಡೇನಿ.”

“ಎಲ್ಲಿಂದ?”

“ಯಶವಂತಪುರದಿಂದ.”

“ಯಶವಂತಪುರದ ಬಿಸಿಲು ಯಶವಂತಪುರದ್ದು. ಇಲ್ಲಿ ಯಾರೂ ನೋಡಿಲ್ಲ.”

“ನನ್ನ ಒಂದು ವರ್ಷ ಹೋಗ್ತದ್ರಿ ಸರ್. ಅಪ್ಪ ಮತ್ತ ಕಳಿಸೂದಿಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದು ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು. ಆಗ ನನ್ನದಷ್ಟೇ ಯೋಚನೆ ನನಗೆ. ಅವರಿಗೆ ನಿವೃತ್ತಿಗೆ ಎರಡು ವರ್ಷವಿತ್ತೆಂದೂ, ಹೊರಗಿನವರಿಗೆ ಬೀಗದ ಕೈ ಕೊಡುವಂತಿಲ್ಲವೆಂದೂ, ಅಲ್ಲಿಯವರೆಗೆ ಅವರ ರಿಜಿಸ್ಟರಿನಲ್ಲಿ ಒಂದು ಖಾನೆಯೂ ಖಾಲಿ ಹೋಗಿರಲಿಲ್ಲವೆಂದೂ ಆಮೇಲೆ ತಿಳಿಯಿತು.

ನಾನು ಬರೆದ ಭಾನುವಾರದ ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆದರು, ಕೆಳಗಿನ ಅಂಕಿ ಕಾಣುವಂತೆ. ಪಕ್ಕದಲ್ಲಿ ಅಡ್ಡಗೆರೆ ಹಾಕಿದರು. ಶನಿವಾರದ ಬಿಸಿಲಿಗೂ ಅಡ್ಡಗೆರೆ. ಷರಾ ಕಾಲಮಿನಲ್ಲಿ “ನೋಡಿಲ್ಲ. ವೀಕ್ಷಕನು ಸ್ಥಳದಲ್ಲಿರಲಿಲ್ಲ” ಎಂದು ಬರೆದು ತಮ್ಮ ಸಹಿ ಮಾಡಿದರು. ಎರಡು ದಿನದ ಬಿಸಿಲಿನ ಕಾರ್ಡನ್ನು ಕಟ್ಟಿಗೆ ಸೇರಿಸಿದರು. ಊದುಬತ್ತಿಯದನ್ನು ನನಗೆ ಕೊಟ್ಟರು.

“ಇದು ನಿಂದು. ಸೂರ್ಯಂದಲ್ಲ. ನಾನು ಇಟ್ಕೊಳೋ ಹಂಗಿಲ್ಲ.” ಆಮೇಲೆ ಪೊಟ್ಟಣ ಬಿಚ್ಚಿದರು. “ಈಗ ಸಿಹಿ ತಿನ್ನು. ನಮ್ಮ ಹುಡುಗಿ ಮದುವೇದು. ತಿಂದು, ನಿಮ್ಮ ಪ್ರೊಫೆಸರ ಹತ್ರ ನೀನೇ ಹೋಗಿ ಹೇಳು. ನಾನು ಹೇಳೋದಕ್ಕಿಂತ ಮುಂಚೆ.”

ಪ್ರೊಫೆಸರು ಕಾಲು ಗಂಟೆ ಬೈದರು. ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಕೊನೆಗೆ ಕೇಳಿದರು, “ಬಾಕಿ ದಿನಗಳೆಲ್ಲ ಸರಿಯಾಗಿದೆಯೇನು?”

“ಹೌದ್ರಿ ಸರ್.”

“ಯಾರು ಹೇಳಿದ್ದು? ನೀನಾ?”

“ಸಾಹೇಬ್ರು.”

“ಹಾಗಾದ್ರೆ ಸರಿ, ಮತ್ತೆ ಬಿತ್ತೋದು ಬೇಡ. ಆ ಎರಡು ದಿನಕ್ಕೆ ಅಡ್ಡಗೆರೆ ಹಾಕು. ಅಡಿಟಿಪ್ಪಣಿಯಲ್ಲಿ ಕಾರಣ ಬರಿ.”

ಬರೆದೆ. ಮೌಖಿಕ ಪರೀಕ್ಷೆಯ ದಿನದವರೆಗೆ ಆ ಅಡ್ಡಗೆರೆಗಳಿಗೆ ಉತ್ತರ ಸಿದ್ಧಮಾಡುತ್ತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಸೂರ್ಯಕಾಂತಿಯ ಎಲೆಗಳ ಬಗ್ಗೆ ಮುಕ್ಕಾಲು ಗಂಟೆ ಕೇಳಿದರು. ಅಡ್ಡಗೆರೆಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪದವಿ ಬಂತು.

ಸಾಹೇಬರಿಗೆ ಮೆಮೊ ಬಂತು. ಅದನ್ನು ಅವರೇ ಫೈಲಿಗೆ ಪೋಣಿಸುವಾಗ ನಾನು ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಕೀ ಕೊಟ್ಟಿದ್ದು ಯಾರು? ನಾನು. ನೀನು ಯಾರು, ರಿಜಿಸ್ಟರಿಗೆ ಗೊತ್ತಿಲ್ಲ,” ಎಂದರು. ಬೀಗದ ಕೈಯನ್ನು ಮತ್ತೆಂದೂ ನನಗೆ ಕೊಡಲಿಲ್ಲ. ಮೆಮೊದಲ್ಲಿ ಹಾಗಿತ್ತು. ಆದರೆ ಮಾರನೆಯ ದಿನದಿಂದ ನಾನಿದ್ದಾಗಲೆಲ್ಲ ಕಾಗದ ಪೆನ್ಸಿಲನ್ನು ನನ್ನ ಕಡೆ ತಳ್ಳುತ್ತಿದ್ದರು. “ನಾನು ಓದ್ತೀನಿ, ನೀನು ಬರಿ.” ಕೆನ್ನೆ ಉಬ್ಬಿಸಿ, ನೋಡಿ, ಹಿಂದೆ ಸರಿದು, ಬುಸ್ಸೆಂದು ಉಸಿರಿನ ಜೊತೆಗೇ ಅಂಕಿ ಹೇಳುತ್ತಿದ್ದರು. ನಾನು ಬರೆದದ್ದನ್ನು ಎರಡನೆಯ ಸಲ ನೋಡದೆ ರಿಜಿಸ್ಟರಿಗೆ ಇಳಿಸುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಬೇರೆ ಜಿಲ್ಲೆಯ ಬೀಜ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದೆ. ಅವರು ನಿವೃತ್ತರಾಗಿ ಮನೆಯ ತಾರಸಿಯ ಮೇಲೆ ತಮ್ಮದೇ ಒಂದು ಮಳೆ ಮಾಪಕ ಇಟ್ಟುಕೊಂಡಿದ್ದರು. ಪೋಸ್ಟ್ ಕಾರ್ಡು ಬರೆಯುತ್ತಿದ್ದರು; ಕ್ಷೇಮ ಸಮಾಚಾರ ಒಂದು ಸಾಲು, ಉಳಿದದ್ದು ಮಳೆ. “ಸೋಮವಾರ ಹನ್ನೆರಡು ಮಿ.ಮೀ. ಮಂಗಳವಾರ ನೋಡಿಲ್ಲ, ಜ್ವರ. ಬುಧವಾರ ಮೂರು.” ಮಕ್ಕಳು ನೋಡಿ ಹೇಳಬಹುದಿತ್ತು. ಸಾಹೇಬರೇ ಕೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಕೊನೆಯ ಕಾರ್ಡು ಬಂದದ್ದು ಮಗಳ ಕೈಬರಹದಲ್ಲಿ, ಅಂದು ಮದುವೆಯಾದ ಮಗಳು. “ನಮ್ಮ ಅಬ್ಬಾ ಹೋದ ಬುಧವಾರ ಬೆಳಗ್ಗೆ ತೀರಿಕೊಂಡರು. ಮಳೆ ಪುಸ್ತಕ ಮಂಗಳವಾರಕ್ಕೆ ನಿಂತಿದೆ. ನಾವು ಮುಂದುವರಿಸಿಲ್ಲ.”

ದಿನಚರಿ ತೆಗೆದು ಆ ಬುಧವಾರದ ಪುಟ ನೋಡಿದೆ. ಮೇಲೆ ಉಷ್ಣಾಂಶ. ಕೆಳಗೆ, ನೆಲಗಡಲೆ ಬೀಜದ ಪರೀಕ್ಷೆ ಮುಗಿಯಿತು, ಮಧ್ಯಾಹ್ನ ಮೋಡ, ಸಂಜೆ ತಲೆನೋವು. ಅದರ ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಖಾಲಿ ಇತ್ತು. ಪೆನ್ನು ಕೈಯಲ್ಲೇ ಇತ್ತು. ಆದರೆ ಅಂದು ನಾನು ಅಲ್ಲಿರಲಿಲ್ಲ, ನೋಡಿರಲಿಲ್ಲ. ಪುಟ ತಿರುವಿ, ಕಾರ್ಡು ಬಂದ ದಿನದ ಕೆಳಗೆ ಗಂಟೆ ಹಾಕಿ ಬರೆದೆ: ಹನ್ನೊಂದು ಹತ್ತು. ಸಾಹೇಬರು ಇಲ್ಲವೆಂದು ಈಗ ತಿಳಿಯಿತು.

ಊದುಬತ್ತಿಯ ಕಾರ್ಡು ಆ ದಿನಚರಿಯೊಳಗೇ ಇದೆ. ವಾಸನೆ ಎಂದೋ ಹೋಗಿದೆ. ಬುಧವಾರದ ನಾಲ್ಕು ಸಾಲು ಹಾಗೆಯೇ ಖಾಲಿ ಇವೆ.